ಪರದೇಶಿ ವಿದ್ಯಾರ್ಥಿನಿ

ಜೂನ್ 16, ಸೋಮವಾರ

ಮತ್ತೆ ಶಾಸಕರ ಆಫೀಸು. ಬೆಂಚಿನ ಮೇಲೆ ಎರಡು ಗಂಟೆ ಕೊಳೆತೆ. ನಮ್ಮಂಥ ಶಾಲೆಯ ಮಕ್ಕಳನ್ನು ಆರು ತಿಂಗಳು ಜರ್ಮನಿಯಲ್ಲಿ ಓದಿಸುವ ಯೋಜನೆಗೆ ಸರ್ಕಾರ ಕತ್ತರಿ ಹಾಕಲಿದೆ, ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಿ — ನನ್ನ ಬೇಡಿಕೆ ಇಷ್ಟೇ. ಪಿ.ಎ. ಮೊಬೈಲಿನಿಂದ ತಲೆ ಎತ್ತಲಿಲ್ಲ. "ಪೇಪರ್‌ಮಧೇ ಆಲಂ ಕಾ?" ಪೇಪರಿನಲ್ಲಿ ಬಂದಿದೆಯಾ ಅಂತ. ಬರದಿದ್ದರೆ ಅದು ಸಮಸ್ಯೆಯೇ ಅಲ್ಲ ಇವರಿಗೆ. ಮುಂಬೈಯ ನಮ್ಮ ಆಂಟಾಪ್ ಹಿಲ್‌ನಲ್ಲಿ ಕನ್ನಡದವರ ವೋಟು ಜಾಸ್ತಿ, ಕನ್ನಡ ಪೇಪರಾದರೂ ನಡೆಯುತ್ತದಂತೆ. ದೊಡ್ಡ ಉಪಕಾರ.

ಜೂನ್ 19

ಈ ಸಲ ಜರ್ಮನಿಗೆ ಆಯ್ಕೆಯಾದವಳು ನನ್ನ ಒಂಬತ್ತನೇ ಕ್ಲಾಸಿನ ಶೀತಲ್. ತಾಯಿ ದೇವಕ್ಕ ಇಂಡಿ ಕಡೆಯವಳು, ಕಟ್ಟಡದ ಕೆಲಸ. ಪೇಪರಿಗೆಂದು ಮಗಳ ಫೋಟೋ ಕೇಳಿದರೆ ಸೆರಗಿನಿಂದ ಒರೆಸಿ ಕೊಟ್ಟಳು.

ಪಿ.ಎ.ಗೆ ಮರಾಠಿಯಲ್ಲಿ ಟಿಪ್ಪಣಿ ಬರೆದೆ. ಅದನ್ನೇ ಭಾಂಡುಪ್ ಕಡೆಯ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಕನ್ನಡಕ್ಕೆ ಇಳಿಸಿ, ಕನ್ನಡ ವಾರಪತ್ರಿಕೆಯ ರಮಾನಾಥರಿಗೆ ವಾಟ್ಸಾಪ್ ಮಾಡಿದೆ. ಒಂದಕ್ಷರ ಮುಟ್ಟಬೇಡಿ ಎಂದೂ ಸೇರಿಸಿದೆ. ಆ ಮನುಷ್ಯ ಮುಟ್ಟಿದ್ದೆಲ್ಲ ಹಾಳು. ನನ್ನದು ಮೈಸೂರು ಮನೆತನದ ಕನ್ನಡ.

ಜೂನ್ 22, ಭಾನುವಾರ

ಬಂತು. ಶೀತಲ್ ಫೋಟೋ. ಮೇಲೆ ದಪ್ಪಕ್ಷರ — "ಪರದೇಶಿ ವಿದ್ಯಾರ್ಥಿನಿಗೆ ಶಾಸಕರು ನೆರವಾಗುವರೇ?"

ಹತ್ತಕ್ಕೆ ದೇವಕ್ಕ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ. ಪೇಪರನ್ನು ಮುಖಕ್ಕೇ ಹಿಡಿದಳು.

"ಚಾಳಿನವ್ರು ಯಾರ್ ಸತ್ರು ಅಂತ ಕೇಳಾಕತ್ತಾರ್ರಿ. ನಾ ಅದೀನಿ. ಆಕಿ ಅಪ್ಪ ಅದಾನ. ನನ್ನ ಮಗಳು ಹೆಂಗ್ ಪರದೇಶಿ ಆದ್ಲು?"

ಮರಾಠಿಯಲ್ಲಿ ಪರದೇಶಿ ಅಂದರೆ ಹೊರದೇಶದ್ದು ಎಂದೆ.

"ಓದಾವ್ರು ಕನ್ನಡದವ್ರರೀ. ದಿಕ್ಕಿಲ್ಲದಾಕಿ ಅಂತನ ಓದ್ತಾರ."

ಬರೆದವರು ಪೇಪರಿನವರು ಎಂದೆ. ಬಾಯಿಗೆ ಅದೇ ಬಂತು.

ಆಮೇಲೆ ರಮಾನಾಥರಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಅವರು ನನ್ನ ಮೆಸೇಜನ್ನೇ ವಾಪಸ್ ಕಳಿಸಿದರು, ಕೆಳಗೆ ಒಂದು ಸಾಲು: "ನಿಮ್ಮ ಮೈಸೂರು ಕನ್ನಡ ತಿದ್ದಲಿಕ್ಕೆ ನಾನು ಯಾರು ಮಾರಾಯ್ರೆ?" ಮೈಯೆಲ್ಲ ಉರಿಯಿತು. ಗೊತ್ತಿಲ್ಲದ ಪದವೇ ನನಗೆ? ಪರದೇಶಿ ಶಿಷ್ಯವೃತ್ತಿ, ಪರದೇಶಿ ಶಿಕ್ಷಣ ಅಂತ ತಿಂಗಳಿಂದ ಮರಾಠಿ ಕಾಗದ ಓದಿ ಓದಿ... ಹಾಗೇ ಇಳಿಸಿಬಿಟ್ಟೆ.

ಜೂನ್ 28, ಶನಿವಾರ

ಪಿ.ಎ. ಖುಷ್. ಕಟಿಂಗ್‌ಗೆ ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ಹಾಕಿದ್ದಾನೆ. ಫೋಟೋಗೆ ತಾಯಿ-ಮಗಳು ಬೇಕಂತೆ. ಕಾಡಿ ಬೇಡಿ ಕರೆದೊಯ್ದೆ. ಪ್ರಶ್ನೆ ಕೇಳುತ್ತೇನೆ ಎಂದರು ಶಾಸಕರು. ಅವರೆದುರೇ ಜರ್ಮನಿಯ ಫಾರಂ ಚಾಚಿದೆ, ತಾಯಿಯ ಸೈಗೆ. ದೇವಕ್ಕ ಪೆನ್ನು ಮುಟ್ಟಲಿಲ್ಲ.

"ಬರದಾವ್ರು ಯಾರರ ಇರ್ಲಿ, ತಪ್ಪಾತು ಅಂತ ನನ್ನ ಮುಂದ ಹೇಳ್ಲಿ. ಆಮ್ಯಾಲ ಸೈ ಮಾಡ್ತೀನಿ."

ಶಾಸಕರು ನನ್ನತ್ತ ತಿರುಗಿದರು. "ಕಾಯ್ ಮ್ಹಣ್ತೇ?" ಏನಂತಾಳೆ?

"ಧನ್ಯವಾದ ಮ್ಹಣ್ತೇ," ಎಂದೆ.

ಧನ್ಯವಾದ ಎರಡೂ ಭಾಷೆಯಲ್ಲಿ ಒಂದೇ. ದೇವಕ್ಕ ನನ್ನನ್ನೇ ನೋಡಿದಳು. ಮಗಳ ಕೈ ಹಿಡಿದು ಎದ್ದು ಹೋದಳು. ಅವಳ ಮೇಲೆ ಎಂಥ ಸಿಟ್ಟು ಬಂತು ನನಗೆ! ಸಿಟ್ಟು ಬರಬೇಕಾದದ್ದು ಅವಳಿಗೆ.

ಜುಲೈ 11, ಸಂಜೆ 6

ಶಾಸಕರು ಪ್ರಶ್ನೆ ಕೇಳಿದರು. ಯೋಜನೆ ಉಳಿಯಿತು. ಸ್ಟಾಫ್ ರೂಮಿನಲ್ಲಿ ನನಗೆ ಪೇಢೆ ತಿನ್ನಿಸಿದರು. ಶೀತಲ್ ಫಾರಂ ಸೈ ಇಲ್ಲದೆ ನನ್ನ ಬ್ಯಾಗಿನಲ್ಲೇ ಇದೆ. ಗಡುವು ಇವತ್ತು ಐದು ಗಂಟೆಗೆ ಮುಗಿಯಿತು.

ನಾಲ್ಕಕ್ಕೆ ಅವರ ಚಾಳಿನಲ್ಲಿದ್ದೆ. ತಪ್ಪು ಒಪ್ಪಿಕೊಳ್ಳಲೆಂದೇ ಹೋಗಿದ್ದೆ. ದೇವಕ್ಕ ಆಗಲೇ ಪೆನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಶೀತಲ್ — "ಟೀಚರ್, ಪ್ಲೀಸ್, ಬೋಲೋ ನಾ."

"ಹೇಳ್ರಿ ಟೀಚರ್. ಯಾರ್ ಬರದ್ರು?"

ಅವಳಿಗೆ ಗೊತ್ತಿತ್ತು. 'ನಾನು' — ಎರಡೇ ಅಕ್ಷರ. ಬಾಯಿ ತೆರೆದೆ. "ಪೇಪರಿನ ರಮಾನಾಥರು ಅವಸರದಲ್ಲಿ..." ಎಂದೇ ಬಂತು.