ಪೆಟ್ರೋಲ್ ಕದ್ದವಳು ನಾನಲ್ಲ

ಮಾರ್ಚ್ 4, ಸೋಮವಾರ

ನಮ್ಮೂರಿನ ಲ್ಯಾಬಿನಿಂದ ಏಳಕ್ಕೆ ಹೊರಟೆ. ಎಂಟು ಇಪ್ಪತ್ತೆಂಟಕ್ಕೆ ನಗರ ತಲುಪಿದೆ. ಅಲ್ಲಿನ ದೊಡ್ಡ ಲ್ಯಾಬಿನ ಕಿಟಕಿ ಮುಚ್ಚುವುದು ಎಂಟೂವರೆಗೆ. ಎರಡೇ ನಿಮಿಷ ಉಳಿದಿತ್ತು. ರಕ್ತದ ಸ್ಯಾಂಪಲ್ ಡಬ್ಬ ಒಳಗೆ ಕೊಟ್ಟು ಬಂದು ಕಾರಿನಲ್ಲಿ ಕೂತೆ.

ನೂರೈವತ್ತು ಕಿಲೋಮೀಟರ್, ಒಂದೂವರೆ ಗಂಟೆ! ಹೈವೇ ಉದ್ದಕ್ಕೂ ನೂರಹದಿನೈದು. ಬೋರ್ಡಿನಲ್ಲಿ ನೂರು ಎಂದು ಬರೆದಿದೆ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತೇನೆ. ಡಿಸೆಂಬರ್‌ವರೆಗೆ ಆರಕ್ಕೆ ಹೊರಡುತ್ತಿದ್ದೆ, ಎಂಬತ್ತರಲ್ಲಿ ಹಾಯಾಗಿ ಹೋಗುತ್ತಿದ್ದೆ. ಹೊಸ ಮ್ಯಾನೇಜರ್ ಬಂದರು, ಏಳು ಮಾಡಿದರು. ಬೆಳಗಿನ ಸ್ಯಾಂಪಲ್ಲೂ ಇದೇ ಟ್ರಿಪ್ಪಿನಲ್ಲಿ ಹೋಗಬೇಕಂತೆ. ವಾಪಸ್ ಬಂದು ಹತ್ತೂವರೆಗೆ ಊರೊಳಗೆ ರಿಪೋರ್ಟ್ ಹಂಚಬೇಕು. ಅದಕ್ಕೂ ಓಟವೇ. ಕುರ್ಚಿಯಲ್ಲಿ ಕೂತು ಗಂಟೆ ಬದಲಾಯಿಸುವುದೇನು ಕಷ್ಟ... ರಸ್ತೆಯ ಉದ್ದ ಕಮ್ಮಿಯಾಯಿತೇ?

ಮಾರ್ಚ್ 7, ಗುರುವಾರ

ಬರೆಯಲು ಕೂತರೆ ಪೆನ್ನು ಕಾಗದ ಹರಿಯುವಂತೆ ಒತ್ತುತ್ತಿದೆ.

ಟೀ ಮೆಷಿನ್ ಮೇಲಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು. ‘ಇಂಧನ ದುರುಪಯೋಗ — ವಿಚಾರಣೆ.’ ಕೆಳಗೆ ಕಾರಿನ ನಂಬರ್, ನನ್ನ ಹೆಸರು, ಸಹಿ, ಸೀಲು. ಇಪ್ಪತ್ತೆರಡು ವರ್ಷ ಡ್ರೈವರ್ ಕೆಲಸ ಮಾಡಿದ್ದೇನೆ. ಒಂದು ಗೀರು ಬಿದ್ದಿಲ್ಲ, ಒಂದು ಡಬ್ಬ ಒಡೆದಿಲ್ಲ. ಕಳ್ಳಿ ಎನ್ನಿಸಿಕೊಳ್ಳಲು ಇಲ್ಲಿಯವರೆಗೆ ಬರಬೇಕಾಯಿತು.

ನೇರ ಅವರ ರೂಮಿಗೆ ಹೋದೆ.

‘ಹಿಂದೆ ಲೀಟರಿಗೆ ಇಪ್ಪತ್ತರ ಹತ್ತಿರ ಕೊಡ್ತಿತ್ತು. ಈಗ ಹದಿನಾಲ್ಕು. ಮಿಕ್ಕಿದ್ದು ಎಲ್ಲಿಗೆ ಹೋಯ್ತು?’ ಅಂದರು ಮ್ಯಾನೇಜರ್. ತಲೆ ಎತ್ತಲಿಲ್ಲ.

‘ಗಾಳಿಗೆ ಹೋಯ್ತು ಸಾರ್. ಆ ಸ್ಪೀಡಲ್ಲಿ ಓಡಿಸಿದ್ರೆ ಯಾವ ಗಾಡಿನೂ ಕುಡಿಯುತ್ತೆ.’

‘ಜೋರಾಗಿ ಹೋದ್ರೆ ಬೇಗ ತಲುಪ್ತೀರಿ. ಇಂಜಿನ್ ಓಡೋ ಹೊತ್ತು ಕಮ್ಮಿ. ಅಂದ್ಮೇಲೆ ಪೆಟ್ರೋಲೂ ಕಮ್ಮಿ ಆಗ್ಬೇಕಲ್ವಾ? ನನಗೆ ಪಾಠ ಹೇಳ್ಬೇಡಿ.’

ಓದಿದವರು! ಅವರ ತರ್ಕ ಕೇಳಿದರೆ, ಇನ್ನೂರರಲ್ಲಿ ಓಡಿಸಿದರೆ ಟ್ಯಾಂಕ್ ತಾನಾಗಿಯೇ ತುಂಬಿಕೊಳ್ಳಬೇಕು.

ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಎಲ್ಲ ಹೇಳಿದೆ. ಇವರು ತುತ್ತು ಕಲಸುತ್ತಾ ಕೇಳಿದರು. ಆಮೇಲೆ ಮೆಲ್ಲಗೆ, ‘ಯಾವತ್ತಾದ್ರೂ... ನಮ್ಮ ಸ್ಕೂಟರಿಗೆ ಅಂತ ಒಂದೆರಡು ಲೀಟರ್... ತೆಗೆದಿಲ್ಲ ತಾನೆ?’

ನಾನು ತಟ್ಟೆ ಎತ್ತಿಕೊಂಡು ಎದ್ದೆ.

ಮಾರ್ಚ್ 8, ಶುಕ್ರವಾರ

ನಡೆದೇ ಡ್ಯೂಟಿಗೆ ಹೋದೆ. ಇವರ ಸ್ಕೂಟರ್ ಹತ್ತಲು ಮನಸ್ಸಾಗಲಿಲ್ಲ.

ಮಾರ್ಚ್ 12, ಮಂಗಳವಾರ

ಟೀ ಕುಡಿಯಲು ಬಂದವರೆಲ್ಲ ಓದುತ್ತಾರೆ. ನನ್ನನ್ನು ಕಂಡ ಕೂಡಲೇ ಸಕ್ಕರೆ ಹುಡುಕತೊಡಗುತ್ತಾರೆ.

ಸಂಜೆ ಕಾರನ್ನು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಅಣ್ಣ ಕಾರಿನಡಿಗೆ ನುಗ್ಗಿ ನೋಡಿದ. ಎಲ್ಲೂ ಲೀಕ್ ಇಲ್ಲ. ಪ್ಲಗ್ ಸರಿ, ಟೈರಿನ ಗಾಳಿ ಸರಿ.

‘ಗಾಡಿಗೆ ಏನೂ ಆಗಿಲ್ಲಕ್ಕ. ನೀನು ಕಿಟಕಿಯಿಂದ ಕೈ ಹೊರಗೆ ಹಾಕಿ ನೋಡಿದೀಯಾ? ಎಂಬತ್ತರಲ್ಲಿ ಗಾಳಿ ಎಷ್ಟು ತಳ್ಳುತ್ತೋ, ನೂರಹದಿನೈದರಲ್ಲಿ ಅದರ ಎರಡರಷ್ಟು ತಳ್ಳುತ್ತೆ. ಕೈಗೇ ಹಂಗಾದ್ರೆ ಇಡೀ ಕಾರಿಗೆ? ಬೇಗ ತಲುಪಿ ಉಳಿಸೋದಕ್ಕಿಂತ ಗಾಳಿ ನೂಕೋಕೆ ಸುಡೋದೇ ಜಾಸ್ತಿ.’

‘ಇದನ್ನ ಆ ಪುಣ್ಯಾತ್ಮನಿಗೆ ಯಾರು ಹೇಳ್ತಾರೆ?’

‘ಹೇಳ್ಬೇಡ. ಪಕ್ಕದಲ್ಲಿ ಕೂರಿಸ್ಕೊಂಡು ಹೋಗು. ಒಂದೇ ಬಂಕು, ಒಂದೇ ಪಂಪು. ಹೊರಡೋ ಮುಂಚೆ ಪಂಪು ಟಕ್ ಅಂತ ತಾನೇ ನಿಲ್ಲೋವರೆಗೆ ತುಂಬಿಸು. ಬಂದ ಮೇಲೆ ಮತ್ತೆ ಟಕ್ ಅನ್ನೋವರೆಗೆ. ಎಷ್ಟು ಹಿಡೀತೋ ಅಷ್ಟು ಕುಡಿದಿದೆ.’

ಮಾರ್ಚ್ 13, ಬುಧವಾರ

ರಿಸೆಪ್ಷನ್‌ನಲ್ಲಿ ಜನ ತುಂಬಿದ್ದಾಗಲೇ ಕೇಳಿದೆ. ಬೇಕೆಂತಲೇ. ‘ಸಾರ್, ನಾಳೆ, ನಾಡಿದ್ದು ನನ್ನ ಜೊತೆ ಬನ್ನಿ. ನಿಮ್ಮ ಕಣ್ಣೆದುರೇ ತುಂಬಿಸ್ತೀನಿ. ಒಂದು ದಿನ ಹಳೇ ಥರ, ಒಂದು ದಿನ ನಿಮ್ಮ ಥರ.’

ಎಲ್ಲರೂ ಅವರ ಮುಖ ನೋಡಿದರು. ಒಪ್ಪಲೇಬೇಕಾಯಿತು.

ಮಾರ್ಚ್ 14, ಗುರುವಾರ

ಆರಕ್ಕೆ ಹೊರಟೆವು. ಎಂಬತ್ತು ದಾಟಲಿಲ್ಲ. ಲಾರಿಯ ಹಿಂದೆ, ಎಡಗಡೆ ಲೇನಿನಲ್ಲೇ. ಮ್ಯಾನೇಜರ್ ಅರ್ಧ ದಾರಿ ಗೊರಕೆ ಹೊಡೆದರು. ಎಂಟೂಕಾಲಿಗೆ ಕಿಟಕಿ ಮುಂದೆ. ವಾಪಸ್ಸೂ ಹಾಗೇ. ಮುನ್ನೂರು ಕಿಲೋಮೀಟರ್. ಹಿಡಿದದ್ದು ಹದಿನೈದು ಲೀಟರ್. ಅವರ ಮೊಬೈಲಿನಿಂದಲೇ ಫೋಟೋ ತೆಗೆಸಿದೆ.

ಮಾರ್ಚ್ 15, ಶುಕ್ರವಾರ

ಏಳಕ್ಕೆ. ಇವತ್ತು ಗೊರಕೆ ಇಲ್ಲ. ನೂರಹದಿನೈದು ಮುಟ್ಟಿದ ಮೇಲೆ ಬಾಗಿಲ ಮೇಲಿನ ಹಿಡಿ ಬಿಡಲೇ ಇಲ್ಲ ಆಸಾಮಿ. ಒಂದು ಬಸ್ಸು ಇದ್ದಕ್ಕಿದ್ದಂತೆ ನಮ್ಮ ಲೇನಿಗೆ ಬಂತು. ಬ್ರೇಕ್ ಒತ್ತಿದೆ. ಡಬ್ಬ ಹಿಂದೆ ದಡಕ್ ಅಂತು.

‘ಸ್ವಲ್ಪ ನಿಧಾನ, ಸ್ವಲ್ಪ ನಿಧಾನ...’

‘ನಿಧಾನ ಅಂದ್ರೆ ಎಷ್ಟು ಸಾರ್? ಎಂಟೂವರೆಗೆ ಮುಚ್ತಾರೆ. ನೀವೇ ಹೇಳಿ, ಅಷ್ಟರಲ್ಲೇ ಹೋಗ್ತೀನಿ.’

ಬೆವರು ಒರೆಸಿಕೊಂಡರು. ದಿನಾ ನಾನು ಒಬ್ಬಳೇ ಬೆವರುವ ದಾರಿ ಇದು!

ಅದೇ ಬಂಕು, ಅದೇ ಪಂಪು. ಹದಿನಾರು, ಹದಿನೇಳು, ಹದಿನೆಂಟು... ಅಂಕಿ ನಿಲ್ಲುತ್ತಲೇ ಇಲ್ಲ. ಇಪ್ಪತ್ತೊಂದಕ್ಕೆ ಟಕ್ ಅಂತು. ಆರು ಲೀಟರ್ ಜಾಸ್ತಿ. ಕದಿಯಲು ನಾನು ಅವರ ಕಣ್ಣೆದುರಿನಿಂದ ಸರಿದಿರಲೇ ಇಲ್ಲ.

‘ಹೂಂ’ ಅಂದರು. ಅಷ್ಟೇ. ಎಂಟು ದಿನದ ಮರ್ಯಾದೆಗೆ ಒಂದು ‘ಹೂಂ’.

ಮಾರ್ಚ್ 16, ಶನಿವಾರ

ಬೆಳಗ್ಗೆ ನೋಡಿದರೆ ಬೋರ್ಡ್ ಖಾಲಿ. ನಾಲ್ಕು ಪಿನ್ನು ಮಾತ್ರ. ಸದ್ದಿಲ್ಲದೆ ಕಿತ್ತಿದ್ದಾರೆ.

‘ತೆಗೆದಾಯ್ತಲ್ಲಮ್ಮ, ಇನ್ನೇನು?’ ಅಂದರು ಮ್ಯಾನೇಜರ್.

‘ಅಂಟಿಸಿದ್ದನ್ನ ಎಲ್ರೂ ಓದಿದ್ರು. ತೆಗೆದಿದ್ದನ್ನ ಯಾರು ಓದ್ತಾರೆ ಸಾರ್? ತಪ್ಪು ನಮ್ಮದು ಅಂತ ಬರೆದು ಅದೇ ಜಾಗದಲ್ಲಿ ಅಂಟಿಸಿ. ಸಹಿ, ಸೀಲು ಎಲ್ಲ ಇರ್ಲಿ. ಹೊರಡೋ ಹೊತ್ತು ಮತ್ತೆ ಆರು ಗಂಟೆ ಆಗ್ಲಿ.’

‘ಇಲ್ಲಾಂದ್ರೆ?’

ಇವತ್ತಿನ ಟ್ರಿಪ್ ಮುಗಿಸಿ ಬಂದು ಕಾರಿನ ಕೀ ಅವರ ಟೇಬಲ್ ಮೇಲಿಟ್ಟೆ. ಹೊರಗೆ ಬಂದೆ. ಆ ಡಬ್ಬದಲ್ಲಿರುವುದು ಯಾರದೋ ತಾಯಿಯ ರಕ್ತ, ಯಾರದೋ ಮಗುವಿನ ರಕ್ತ. ಸೋಮವಾರ ಅದು ಅಲ್ಲೇ ಉಳಿದರೆ? ಆದರೂ ಹಿಂದಕ್ಕೆ ಹೋಗಲಿಲ್ಲ.

ಮಾರ್ಚ್ 18, ಸೋಮವಾರ — ಸಂಜೆ

ಐದೂಮುಕ್ಕಾಲಿಗೇ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ಡಬ್ಬ ರೆಡಿ ಇತ್ತು. ಮ್ಯಾನೇಜರ್ ಆಗಲೇ ಬಂದಿದ್ದರು, ಫೋನಿನಲ್ಲಿದ್ದರು. ಭಾನುವಾರವೆಲ್ಲ ಬೇರೆ ಡ್ರೈವರ್ ಹುಡುಕಿದರಂತೆ. ಏಳಕ್ಕೆ ಹೊರಟು ಎಂಟೂವರೆಗೆ ಮುಟ್ಟಿಸಬೇಕು ಎಂದಾಗ ಒಬ್ಬೊಬ್ಬರೂ ಫೋನ್ ಇಟ್ಟರಂತೆ.

ಆರಕ್ಕೆ ಐದು ನಿಮಿಷ ಇರುವಾಗ ಎದ್ದು ಬಂದರು. ಕೈಯಲ್ಲಿ ಕಾಗದ. ತಾವೇ ಪಿನ್ನು ಚುಚ್ಚಿದರು. ‘ಇಂಧನ ಹೆಚ್ಚು ಖರ್ಚಾದದ್ದು ಆಡಳಿತ ನಿಗದಿಪಡಿಸಿದ ಸಮಯದಿಂದ. ಚಾಲಕಿಯ ಮೇಲಿನ ಆರೋಪ ತಪ್ಪು. ವಿಷಾದಿಸುತ್ತೇವೆ.’ ಹೊರಡುವ ಸಮಯ ಆರು ಗಂಟೆ ಅಂತಲೂ ಇತ್ತು. ಎರಡು ಸಲ ಓದಿದೆ. ಸೀಲು ಓರೆಯಾಗಿತ್ತು, ಪರವಾಗಿಲ್ಲ. ಕೀ ತೆಗೆದುಕೊಂಡೆ.

ದಾರಿಯಲ್ಲಿ ಒಂದು ಕಡೆ ಕಣ್ಣು ಮಂಜಾಯಿತು. ಎಂಬತ್ತರಲ್ಲಿದ್ದೆ, ಒರೆಸಿಕೊಳ್ಳಲು ಪುರುಸೊತ್ತಿತ್ತು.

ಮನೆಯಲ್ಲಿ ಆ ಕಾಗದದ ಫೋಟೋ ಇವರ ಮುಂದೆ ಹಿಡಿದೆ. ಹನ್ನೊಂದು ದಿನವಾಗಿತ್ತು ನೆಟ್ಟಗೆ ಮಾತಾಡಿ. ತುಂಬ ಹೊತ್ತು ಓದಿದರು, ನಾಲ್ಕು ಸಾಲಿಗೆ ಅಷ್ಟು ಹೊತ್ತು ಬೇಕೇ? ಈಗ ಕುರ್ಚಿ ಎಳೆದುಕೊಂಡು ನನ್ನೆದುರು ಬಂದು ಕೂತಿದ್ದಾರೆ.

‘ಅವತ್ತು ನಾನು ಹಂಗೆ ಕೇಳಬಾರದಿತ್ತು...’ ಅಂದರು.

ನಾನು ತಲೆ ಎತ್ತಲಿಲ್ಲ. ಬರೆಯುತ್ತಲೇ ಇದ್ದೇನೆ. ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಪೂರ್ತಿ ಹೇಳಲಿ. ಆ ಮ್ಯಾನೇಜರ್ ಹೊರಗಿನವನು, ನಾನು ಯಾರೆಂದು ಅವನಿಗೇನು ಗೊತ್ತು? ಆದರೆ ಇವರು, ಇಪ್ಪತ್ತು ವರ್ಷ ಜೊತೆಗೆ—

ಅಳುತ್ತಿದ್ದಾರೆ. ಪೆನ್ನು ಕೆಳಗಿಡುತ್ತೇನೆ.