ಏಳದ ಹುಬ್ಬು

ಫೆಬ್ರವರಿ 3, ಸೋಮವಾರ. ಸಂಜೆ 4

ಬರೆಯಬೇಕಂತೆ. ಮುಖ ದಿನಾ ಏನು ಮಾಡುತ್ತದೆ ಅಂತ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಡಿದವನು ನಾನು. ರೈಲ್ವೆ ಗ್ಯಾಂಗಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದೆ, ಸಹಿ ಬಿಟ್ಟು ಇನ್ನೇನೂ ಬರೆದವನಲ್ಲ. ಮಗಳು ಲತಾಮಣಿ ಅರಸೀಕೆರೆಯಲ್ಲಿ ಚರ್ಮದ ಡಾಕ್ಟರ ಹತ್ತಿರ ನರ್ಸು. ಈ ನೋಟ್‌ಬುಕ್ ಅವಳದೇ ಕಾಟ.

ಇವತ್ತು ಅಲ್ಲಿ ಸುಕ್ಕು ಹೋಗುವ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಹುಬ್ಬಿನ ನಡುವೆ ಐದು, ಹಣೆಗೆ ಆರು. ಇರುವೆ ಕಚ್ಚಿದ ಹಾಗೆ, ಅಷ್ಟೆ. ನಾಲ್ಕು ಗಂಟೆ ಮಲಗಬಾರದು. ಹಣೆ ಉಜ್ಜಬಾರದು. ಗೋಡೆಗೆ ಒರಗಿ ಕೂತಿದ್ದೇನೆ.

ಎಲ್ಲಾ ನನ್ನ ಜೊತೆ ಪಾರ್ಟು ಮಾಡುವ ಕೆಂಚಯ್ಯನಿಂದ. ಏಪ್ರಿಲ್ 12ಕ್ಕೆ ಬಾಣಾವರದಲ್ಲಿ ನಮ್ಮ ನಾಟಕ. ಕೋಪಿಷ್ಠ ರಾಜನ ಪಾರ್ಟು ಮೂವತ್ತೆಂಟು ವರ್ಷದಿಂದ ನನ್ನದು. ಈ ಸಲ ಫೋನಿನಲ್ಲಿ ಲೈವ್ ಬೇರೆ. ಪ್ರಾಕ್ಟೀಸಿನಲ್ಲಿ ಎಲ್ಲರೆದುರು ಅಂದ— "ಅಣ್ಣೋ, ಕ್ಯಾಮ್ರಾ ಹತ್ರಕ್ಕೇ ಬತ್ತದೆ. ನಿನ್ ಹಣೆ ಉತ್ತ ಹೊಲ ಇದ್ದಂಗೈತೆ. ನೀನು ರಾಜನೋ, ರಾಜನ ತಾತನೋ?" ಹಾರ್ಮೋನಿಯಂ ಮೇಷ್ಟ್ರು ಹುಚ್ಚಣ್ಣನೂ ನಕ್ಕ.

ಫೆಬ್ರವರಿ 4

ಸಣ್ಣ ತಲೆನೋವು. ಸುಕ್ಕು ಇದ್ದಲ್ಲೇ ಇದೆ.

ಫೆಬ್ರವರಿ 9

ಹಣೆ ನುಣ್ಣಗಾಗಿದೆ! ಕನ್ನಡಿಯಲ್ಲಿ ನಲವತ್ತರವನು.

ಹಳೇಬೀಡು ನೆನಪಾಯಿತು. 1987. ಪೆಟ್ರೋಮ್ಯಾಕ್ಸ್ ಬೆಳಕು, ಮೊದಲ ಸಲ ಕಿರೀಟ. ಹುಬ್ಬು ಗಂಟಿಕ್ಕಿದೆ— ಮುಂದಿನ ಸಾಲಿನ ಒಂದು ಮಗು ಕಿಟಾರನೆ ಕಿರುಚಿತು. ಅದನ್ನು ಎತ್ತಿಕೊಂಡಿದ್ದ ಹುಡುಗಿ ಮಾತ್ರ ನಕ್ಕಳು. ಲಕ್ಕಮ್ಮ. ಮರುವರ್ಷ ಮದುವೆ. ಮನೆಯಲ್ಲಿ ನಾನು ರೇಗಿದರೆ ಅವಳು— "ಆ ಹುಬ್ಬು ಸ್ಟೇಜ್ ಮ್ಯಾಲಿಟ್ಕೊ. ಇಲ್ಲಿ ಮುದ್ದೆ ಉಣ್ಣು." ಸತ್ತು ಎರಡು ವರ್ಷ. ಈಗ ಹಾಗೆ ಅನ್ನುವವರಿಲ್ಲ.

ಫೆಬ್ರವರಿ 17

ಹುಬ್ಬು ಏಳುತ್ತಿಲ್ಲ.

ಪ್ರಾಕ್ಟೀಸಿನಲ್ಲಿ ಸಭೆಯ ಸೀನು. ಗದೆ ಎತ್ತಿದೆ, ಗರ್ಜಿಸಿದೆ. ಹುಚ್ಚಣ್ಣ ಹಾರ್ಮೋನಿಯಂ ನಿಲ್ಲಿಸಿದ.

"ಏನ್ಲಾ ಗಿಡ್ಡಯ್ಯ, ಕೋಪ ಮಾಡ್ಕಳ್ಲಾ!"

"ಮಾಡ್ಕಂಡೇ ಇವ್ನಿ ಕಣ್ಲಾ!"

"ಎಲ್ಲೈತೆ? ಬೀಗರ ಮನೇಲಿ ಕಾಫಿಗೆ ಕುಂತಂಗೈತೆ ಮಖ."

ಕೆಂಚಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಿಜವಾಗಿಯೂ ಸಿಟ್ಟು ಬಂತು. ಅದೂ ಮುಖಕ್ಕೆ ಬರಲಿಲ್ಲ.

ಫೆಬ್ರವರಿ 18

ಲತಾಮಣಿಗೆ ಫೋನು ಮಾಡಿದೆ. "ಅಪ್ಪಾ, ಡಾಕ್ಟ್ರು ಹೇಳಿದ್ರಲ್ಲ? ಆ ನರ ಸುಮ್ನಾದ್ರೇನೇ ಸುಕ್ಕು ಹೋಗೋದು. ಹೂಂ ಹೂಂ ಅಂದೆ ನೀನು. ನಾಟ್ಕಕ್ಕೆ ಅಂತ ಒಂದ್ ಮಾತು ಹೇಳಿದ್ಯಾ?"

ಹೇಳಲಿಲ್ಲ. ನಾಚಿಕೆ. ಗೋಡೆಗೆ ಗಾರೆ ಮೆತ್ತಿದ ಹಾಗೆ ಅಂದುಕೊಂಡಿದ್ದೆ.

ಬಿಡಿಸುವ ಔಷಧಿ ಇಲ್ಲವಂತೆ. ಮೂರು ನಾಲ್ಕು ತಿಂಗಳಿಗೆ ತಾನಾಗಿ ಸರಿಹೋಗಬೇಕಂತೆ. ಬೆರಳು ಮಡಚಿದೆ. ಮೇ... ಜೂನ್...

ಮಾರ್ಚ್ 9

ಬರೆಯಲು ಏನಿತ್ತು?

ಮಸಿಯಲ್ಲಿ ಹುಬ್ಬು ಬರೆದುಕೊಂಡು ನೋಡಿದೆ. ಎರಡು ಜಿರಳೆ ಸತ್ತುಬಿದ್ದ ಹಾಗಿತ್ತು. ಅಳಿಸಿದೆ.

ಜಾವಗಲ್‌ನಲ್ಲಿ ಒಮ್ಮೆ ಮಾತು ಮರೆತು ನಿಂತಿದ್ದೆ. ಒಂದೇ ಹುಬ್ಬು ಎತ್ತಿ, ಜನರನ್ನು ನೋಡುತ್ತಾ, ಮಾತು ನೆನಪಾಗುವ ತನಕ. ಚಪ್ಪಾಳೆಯೋ ಚಪ್ಪಾಳೆ! ಪರದೆ ಪಕ್ಕ ನೀರಿನ ಚೊಂಬು ಹಿಡಿದಿದ್ದ ಲಕ್ಕಮ್ಮನಿಗೊಬ್ಬಳಿಗೇ ಗೊತ್ತಾಗಿದ್ದು. "ಕಳ್ಳ" ಅಂದಳು, ನೀರು ಕೊಡುತ್ತಾ.

ಮಾರ್ಚ್ 16

ಹುಚ್ಚಣ್ಣ ಬಂದ. ಕೂರಲಿಲ್ಲ.

"ಹ್ಯಾಂಡ್‌ಬಿಲ್ ಪ್ರಿಂಟಿಗೆ ಕೊಡ್ಬೇಕು. ಕೆಂಚಯ್ಯ ರಾಜ ಆಗ್ಲಿ. ನೀನು ರಾಜನ ಅಪ್ಪ ಆಗು, ಆ ಕುರುಡ. ಅದಕ್ಕೆ ಮಖ ಅಲ್ಲಾಡ್ಬೇಕಾಗಿಲ್ಲ."

ಬಾಗಿಲು ತೋರಿಸಿದೆ.

ಅವನು ಹೋದ ಮೇಲೆ ಒಬ್ಬನೇ ಅಪ್ಪನ ಹಾಡು ಹೇಳಿ ನೋಡಿದೆ. ಮಗ ಸತ್ತಾಗ ಹೇಳುವುದು. ಮುಖ ಕಲ್ಲು. ಕಣ್ಣಲ್ಲಿ ಮಾತ್ರ ನೀರು, ಒರೆಸಿದಷ್ಟೂ... ಮೂವತ್ತೆಂಟು ವರ್ಷ ಈ ಹಾಡು ಸರಿಯಾಗಿ ಕೇಳಿಯೇ ಇರಲಿಲ್ಲ. ಅಷ್ಟು ಹೊತ್ತಿಗೆ ನಾನು ಸತ್ತು, ಪರದೆ ಹಿಂದೆ ಬೀಡಿ ಸೇದುತ್ತಿರುತ್ತಿದ್ದೆ.

ಮಾರ್ಚ್ 18

ಹುಚ್ಚಣ್ಣನಿಗೆ ಹೇಳಬೇಕಾದ್ದು. ಮರೆಯದ ಹಾಗೆ ಬರೆದಿಡುತ್ತೇನೆ.

ಅಪ್ಪನ ಪಾರ್ಟು ಮಾಡುತ್ತೇನೆ. ಆದರೆ ಆ ಹಾಡು ಪೂರ್ತಿ ಬೇಕು. ಹೊತ್ತಾಯಿತು ಅಂತ ಪ್ರತಿ ವರ್ಷ ಅರ್ಧಕ್ಕೆ ಕತ್ತರಿಸುತ್ತೀಯ, ಅದು ನಡೆಯುವುದಿಲ್ಲ. ಕೆಂಚಯ್ಯ ಸತ್ತ ಮೇಲೆ ಬೀಡಿಗೆ ಎದ್ದು ಹೋಗಬಾರದು. ಸ್ಟೇಜಿನ ಮೇಲೇ ಬಿದ್ದಿರಬೇಕು, ತಲೆ ನನ್ನ ತೊಡೆಯ ಮೇಲೆ. ಕೊನೇ ಸಾಲಿನ ತನಕ.

ಪೂರ್ತಿ ಹಾಡು ಕೊಡುತ್ತೀಯೋ ಇಲ್ಲವೋ? ಮಾರ್ಚ್ 22ರೊಳಗೆ ಹೇಳು.