ಅವ್ವನ ಬಟ್ಟಲಿಗೆ ಲಾಂಬ್ರುಸ್ಕೊ

ಇಯೋಲೆ,

ಕೋಳಿ ಸಾರು ಒಲೆಯ ಮೇಲಿದೆ. ಕುದಿ ಬಂದೊಡನೆ ಅವ್ವನ ಬಟ್ಟಲಿಗೆ ಅರ್ಧ ಹಾಕಿ, ನಮ್ಮೂರ ವಾಡಿಕೆಯಂತೆ ಮೇಲೆ ಕೆಂಪು ವೈನ್ ಸುರಿ.

ಓರೆಸ್ತೆ ಮಾವ ತಂದ ದುಬಾರಿ ಬರೋಲೊ ವೈನ್ ಮುಟ್ಟಬೇಡ. ಅದನ್ನು ಕಂಡು ಅವ್ವ ಅಂದದ್ದು ನೆನಪಿದೆಯಲ್ಲ: "ಈ ಸೀಸೆಗೆ ಸೂಟು ತೊಡ್ಸಿ ಮದ್ವೆಗೆ ಕಳ್ಸೋ, ನನ್ ಸಾರಿಗ್ಯಾಕೆ?" ನೆಲಮಾಳಿಗೆಯ ಬಾಗಿಲ ಬಳಿ ನಮ್ಮೂರ ನೊರೆ ವೈನ್ ಲಾಂಬ್ರುಸ್ಕೊ ಇದೆ, ಅದನ್ನು ತೆಗೆ. ನೊರೆ ನೇರಳೆಯಾಗಿ ಉಕ್ಕಬೇಕು, ನಾಲಿಗೆ ಚುರ್ ಅನ್ನಬೇಕು. ಮುಚ್ಚಳ ತೆಗೆದ ಸದ್ದಿಗೇ ದ್ರಾಕ್ಷಿ ಯಾವ ತೋಟದ್ದೆಂದು ಹೇಳುವವನು ನಾನು. ಇಡೀ ಮಾಂತೊವಾ ಊರಲ್ಲಿ ನನಗಿಂತ ಬಲ್ಲವಳು ಅವ್ವ ಒಬ್ಬಳೇ. ಅಂಥವಳು ಭಾನುವಾರದಿಂದ ಒಂದು ಗುಟುಕೂ ನುಂಗಿಲ್ಲ. ಡಾಕ್ಟರು ಏನೂ ಬರೆದುಕೊಡದೆ ಚೀಲ ಎತ್ತಿಕೊಂಡು ಹೋದದ್ದನ್ನು ನೀನೂ ನೋಡಿದೆ.

ಕೊನೆಯ ಪ್ರಾರ್ಥನೆಗೆ ಪಾದ್ರಿಯವರನ್ನು ಕರೆತರಲು ಹೊರಟೆ. ಅವ್ವ ಎಚ್ಚರಾಗಿ ಕೇಳಿದರೆ, ಅಣ್ಣ ವೈನ್ ಅಂಗಡಿಗೆ ಹೋದ ಅನ್ನು. ಅದನ್ನಾದರೆ ನಂಬುತ್ತಾಳೆ.

ಬಾಯಿ ತೆರೆಯದಿದ್ದರೆ ಬಲವಂತ ಮಾಡಬೇಡ. ಬಟ್ಟಲನ್ನು ಮೂಗಿನ ಹತ್ತಿರ ಹಿಡಿ, ಹಬೆಯಾದರೂ ತಾಗಲಿ. ಆಮೇಲೆ ನೀನೇ ಕುಡಿದುಬಿಡು ತಂಗಿ. ನಾನು ಬಂದು ನೋಡುವಾಗ ಬಟ್ಟಲು ಖಾಲಿ ಇರಲಿ, ಅವ್ವನೇ ಕುಡಿದಳು ಅಂದುಕೊಳ್ಳುತ್ತೇನೆ.

ನಿನ್ನ ಅಣ್ಣ,
ಎಜಿದಿಯೊ